ದೊಡ್ಡ ಮಗು ಮನೆಗೆ ಬಂದ ಮೊದಲ ವರ್ಷ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಿಗೆ ದತ್ತು ಹೊಸ ಸಂಗತಿಯಲ್ಲ. 1992ರಲ್ಲಿ ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಜೆ. ಜಯಲಲಿತಾ ‘ತೊಟ್ಟಿಲು ಮಗು’ ಯೋಜನೆಯನ್ನು ಮೊದಲು ತಂದದ್ದು ಸೇಲಂ ಜಿಲ್ಲೆಯಲ್ಲೇ. ಹೆಣ್ಣುಕೂಸು ಬೇಡ ಎನ್ನುವವರು ಅದರ ಜೀವ ತೆಗೆಯುವುದು ಬೇಡ, ಸರ್ಕಾರದ ತೊಟ್ಟಿಲಲ್ಲಿ ಮಲಗಿಸಿ ಹೋಗಲಿ, ಬೇಕು ಎನ್ನುವ ಮನೆಗೆ ಅದನ್ನು ಮುಟ್ಟಿಸುವ ಹೊಣೆ ಸರ್ಕಾರದ್ದು ಎಂಬುದು ಆ ಯೋಜನೆಯ ತಿರುಳು. 2001ರಲ್ಲಿ ಅದು ಧರ್ಮಪುರಿಗೂ ಮಧುರೈ, ತೇನಿ, ದಿಂಡಿಗಲ್ ಜಿಲ್ಲೆಗಳಿಗೂ ಹಬ್ಬಿತು. ಅದರ ಅಗತ್ಯ ಎಷ್ಟಿತ್ತು ಎಂಬುದಕ್ಕೆ ಜನಗಣತಿಯೇ ಸಾಕ್ಷಿ. 1991ರಲ್ಲಿ ಸೇಲಂ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 849 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಧರ್ಮಪುರಿಯಲ್ಲಿ ಆ ಸಂಖ್ಯೆ 826. 2011ರ ಹೊತ್ತಿಗೆ ಎರಡೂ ಜಿಲ್ಲೆಗಳು 900ನ್ನು ದಾಟಿದವು. ಮಕ್ಕಳನ್ನು ಬಿಟ್ಟುಹೋಗುವುದಕ್ಕೆ ಸರ್ಕಾರವೇ ದಾರಿ ಮಾಡಿಕೊಟ್ಟಿತು ಎಂಬ ಟೀಕೆ ಈ ಯೋಜನೆಗೆ ಅಂಟಿಕೊಂಡೇ ಬಂದಿದೆ. ಭ್ರೂಣಲಿಂಗ ಪತ್ತೆಯ ನಿಷೇಧ, ಹೆಣ್ಣುಮಕ್ಕಳ ಓದು, ಊರೂರುಗಳಲ್ಲಿ ನಡೆದ ತಿಳಿವಳಿಕೆಯ ಕೆಲಸ ಇವೆಲ್ಲಕ್ಕೂ ಹೆಣ್ಣುಮಕ್ಕಳ ಸಂಖ್ಯೆ ಏರಿದ್ದರಲ್ಲಿ ಪಾಲಿದೆ. ಏನೇ ಇರಲಿ, ಹೆತ್ತವರಿಲ್ಲದ ಕೂಸಿಗೆ ಇನ್ನೊಂದು ಮನೆ ಸಿಗಬೇಕು ಎಂಬ ಮಾತನ್ನು ಈ ನೆಲ ಮೂರು ದಶಕಗಳ ಹಿಂದೆಯೇ ಒಪ್ಪಿಕೊಂಡಿತು.

ತೊಟ್ಟಿಲಿಗೆ ಹಿಡಿಸುವುದು ಕೂಸು ಮಾತ್ರ. ಎಂಟು ವರ್ಷದ, ನಡೆಯಲು ಆಧಾರ ಬೇಕಾದ ಹುಡುಗಿಗೆ ತೊಟ್ಟಿಲಿಲ್ಲ. ಕಿವಿ ಕೇಳದ ಹತ್ತು ವರ್ಷದ ಹುಡುಗನಿಗೆ, ಬುದ್ಧಿಯ ಬೆಳವಣಿಗೆ ನಿಧಾನವಾದ ಆರು ವರ್ಷದ ಮಗುವಿಗೆ ಮನೆ ಹುಡುಕುವ ಕೆಲಸ ಇಂದಿಗೂ ಅರ್ಧದಲ್ಲೇ ನಿಂತಿದೆ. ದೇಶದಲ್ಲಿ ದತ್ತಿನ ವ್ಯವಹಾರವನ್ನು ನೋಡಿಕೊಳ್ಳುವುದು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ. 2024-25ರಲ್ಲಿ ಅದು ದಾಖಲಿಸಿದ ದತ್ತುಗಳು 4,515. ಹೆಸರು ನೋಂದಾಯಿಸಿ ಕಾಯುತ್ತಿರುವವರು ಇದರ ಹಲವು ಪಟ್ಟು. ಅವರಲ್ಲಿ ಬಹುತೇಕರು ಕೇಳುವುದು ಎರಡು ವರ್ಷದೊಳಗಿನ, ಆರೋಗ್ಯವಂತ ಕೂಸನ್ನು. ಹೀಗಾಗಿ ಒಂದು ಕಡೆ ವರ್ಷಗಟ್ಟಲೆ ಕಾಯುವ ದಂಪತಿಗಳಿದ್ದರೆ, ಇನ್ನೊಂದು ಕಡೆ ಯಾರೂ ಕೇಳದೆ ಬೆಳೆಯುತ್ತಿರುವ ಮಕ್ಕಳಿದ್ದಾರೆ. ವಿಶೇಷ ಅಗತ್ಯದ ಮಕ್ಕಳಿಗೆ ಬಹುಕಾಲದಿಂದ ಹೆಚ್ಚಾಗಿ ಮನೆಯಾಗಿರುವುದು ಹೊರದೇಶದ ಕುಟುಂಬಗಳೇ. ನಮ್ಮ ಮನೆಗಳು ಹಿಂಜರಿಯುವುದು ಕರುಣೆಯ ಕೊರತೆಯಿಂದ ಎಂದು ನನಗೆ ಅನಿಸುವುದಿಲ್ಲ. ಮಗು ಮನೆಗೆ ಬಂದ ಮೇಲೆ ಏನಾಗುತ್ತದೆ ಎಂಬುದು ಗೊತ್ತಿಲ್ಲದಿರುವುದು, ಗೊತ್ತಿದ್ದವರಿಗೂ ಪಕ್ಕದಲ್ಲಿ ನಿಲ್ಲುವವರಿಲ್ಲದಿರುವುದು ಈ ಹಿಂಜರಿಕೆಗೆ ಕಾರಣ.

ಆ ಭಯಕ್ಕೆ ಆಧಾರವೇ ಇಲ್ಲ ಎನ್ನುವಂತಿಲ್ಲ. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕಾರಾ ಕೊಟ್ಟ ಉತ್ತರದ ಪ್ರಕಾರ, 2017ರಿಂದ 2019ರ ನಡುವೆ ದತ್ತು ಹೋದ 6,650 ಮಕ್ಕಳಲ್ಲಿ 278 ಮಕ್ಕಳು, ಅಂದರೆ ನೂರಕ್ಕೆ ಸುಮಾರು ನಾಲ್ವರು, ಸಂಸ್ಥೆಗಳಿಗೆ ಮರಳಿದರು. ಮರಳಿದವರಲ್ಲಿ ಶೇ 24ರಷ್ಟು ವಿಶೇಷ ಅಗತ್ಯದ ಮಕ್ಕಳು. ಆರು ವರ್ಷ ದಾಟಿದವರೂ ಅನೇಕರಿದ್ದರು. ಹೆತ್ತವರನ್ನು ಒಮ್ಮೆ ಕಳೆದುಕೊಂಡ ಮಗುವಿಗೆ ಇದು ಎರಡನೆಯ ಪೆಟ್ಟು. ಈ ಅಂಕಿಗಳನ್ನು ಓದಿದವರು ಸುಲಭವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ: ದೊಡ್ಡ ಮಕ್ಕಳು, ಅಂಗವೈಕಲ್ಯವಿರುವ ಮಕ್ಕಳು ಹೊಸ ಮನೆಗೆ ಹೊಂದಿಕೊಳ್ಳುವುದಿಲ್ಲ. ನನ್ನ ವಾದ ಬೇರೆ. ಮೊದಲ ವರ್ಷದ ಕಷ್ಟ ಮಗುವಿನ ದೋಷವೂ ಅಲ್ಲ, ತಂದೆತಾಯಿಯ ಸೋಲೂ ಅಲ್ಲ. ಅದು ಇಂಥ ದತ್ತಿನಲ್ಲಿ ಬಂದೇ ಬರುವ ಹಂತ. ಅದನ್ನು ಮೊದಲೇ ಅರಿತ ಮನೆ, ಅವಸರಪಡದ ಮನೆ, ಹತ್ತಿರದಲ್ಲಿ ನೆರವು ದೊರೆಯುವ ಮನೆ ಆ ಹಂತವನ್ನು ದಾಟುತ್ತದೆ. ಹೊಂದಿಕೊಳ್ಳುವ ಕೆಲಸದಲ್ಲಿ ಹೆಚ್ಚಿನ ಪಾಲು ಹೊರಬೇಕಾದವರು ದೊಡ್ಡವರು. ನಾವು ಅದನ್ನು ಮಗುವಿನ ತಲೆಯ ಮೇಲೆ ಹೊರಿಸಿ, ಅದು ಹೊರಲಾರದಾದಾಗ ಸೋತಿತು ಎನ್ನುತ್ತೇವೆ.

ಮೊದಲ ತಿಂಗಳುಗಳಲ್ಲಿ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಮೊದಲ ಕೆಲವು ವಾರ ಮಗು ಅತಿಯಾದ ವಿಧೇಯತೆಯಿಂದ ಇರಬಹುದು. ಹೇಳಿದ್ದನ್ನು ಕೇಳುತ್ತದೆ, ಕೊಟ್ಟದ್ದನ್ನು ತಿನ್ನುತ್ತದೆ, ಬಂದವರೆಲ್ಲರ ಮಡಿಲಿಗೂ ಹೋಗುತ್ತದೆ. ಮನೆಯವರು ನೆಮ್ಮದಿಯ ಉಸಿರು ಬಿಡುತ್ತಾರೆ. ಆಮೇಲೆ ಚಿತ್ರ ಬದಲಾಗುತ್ತದೆ. ದಿಂಬಿನ ಕೆಳಗೆ ಚಪಾತಿ, ಬಿಸ್ಕತ್ತು ಬಚ್ಚಿಡುವುದು, ಹೊಟ್ಟೆ ತುಂಬಿದ್ದರೂ ಬಡಿಸಿಕೊಳ್ಳುವುದು, ಬಿದ್ದು ಪೆಟ್ಟಾದರೂ ಅಳದಿರುವುದು, ಚಿಕ್ಕ ಮಾತಿಗೆ ಗಂಟೆಗಟ್ಟಲೆ ಕಿರುಚುವುದು, ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಕೂತಲ್ಲೇ ಮೈ ತೂಗುವುದು, ರಾತ್ರಿ ಎದ್ದು ಕೂರುವುದು ಶುರುವಾಗುತ್ತದೆ. ಇವು ಕೆಟ್ಟ ಬುದ್ಧಿಯ ಗುರುತುಗಳಲ್ಲ. ಪಾಳಿಯ ಮೇಲೆ ಬದಲಾಗುವ ಆಯಾಗಳ ನಡುವೆ ಬೆಳೆದ ಮಗುವಿಗೆ ಅತ್ತರೆ ಯಾರೂ ಬರುವುದಿಲ್ಲ ಎಂಬುದು ಅನುಭವದ ಪಾಠ. ಊಟ ಹೊತ್ತಿಗೆ ಬಂದರೆ ಬಂತು, ಮುಗಿದರೆ ಮುಗಿಯಿತು ಎಂಬುದು ಇನ್ನೊಂದು ಪಾಠ. ಯಾರು ಬಂದರೂ ನಗುತ್ತ ಹತ್ತಿರ ಹೋದರೆ ಒಂದಿಷ್ಟು ಗಮನ ಸಿಗುತ್ತದೆ ಎಂಬುದು ಮೂರನೆಯದು. ಬದುಕಿ ಉಳಿಯುವುದಕ್ಕೆ ಅಲ್ಲಿ ನೆರವಾದ ನಡವಳಿಕೆಯನ್ನೇ ಮಗು ಇಲ್ಲಿಗೂ ತಂದಿದೆ. ಇಲ್ಲಿ ಅದರ ಅಗತ್ಯವಿಲ್ಲ ಎಂಬುದನ್ನು ಮಾತಿನಿಂದ ಹೇಳಿ ನಂಬಿಸಲಾಗದು. ನೂರಾರು ದಿನ ಊಟ ಅದೇ ಹೊತ್ತಿಗೆ ಬಂದಾಗ, ಅತ್ತಾಗಲೆಲ್ಲ ಅದೇ ವ್ಯಕ್ತಿ ಎದ್ದು ಬಂದಾಗ ಮಗು ತಾನಾಗಿ ನಂಬುತ್ತದೆ. ಸಿಟ್ಟು, ಹಟ ಹೆಚ್ಚುವುದು ಎಷ್ಟೋ ಸಲ ಆ ನಂಬಿಕೆ ಮೊಳೆಯುತ್ತಿರುವುದರ ಸೂಚನೆಯೂ ಹೌದು. ಕಳೆದುಕೊಳ್ಳುವ ಭಯವಿಲ್ಲದ ಕಡೆ ಮಾತ್ರ ಮಗು ಹಟ ಮಾಡುತ್ತದೆ.

ಆದ್ದರಿಂದ ಮೊದಲ ತಿಂಗಳುಗಳಲ್ಲಿ ಮನೆಯ ಲೋಕ ಚಿಕ್ಕದಾಗಿರಬೇಕು. ನಮ್ಮ ಪದ್ಧತಿ ಇದಕ್ಕೆ ತದ್ವಿರುದ್ಧ. ಮನೆಗೆ ಮಗು ಬಂದರೆ ನೆಂಟರಿಷ್ಟರು ಬರಬೇಕು, ಓಣಿಯವರು ನೋಡಬೇಕು, ಆರತಿ ಎತ್ತಬೇಕು, ಊಟ ಹಾಕಿಸಬೇಕು, ದೇವಸ್ಥಾನಕ್ಕೆ ಕರೆದೊಯ್ಯಬೇಕು. ಇದರ ಹಿಂದಿರುವ ಪ್ರೀತಿ ದೊಡ್ಡದು. ಆದರೆ ಸಂಸ್ಥೆಯಲ್ಲಿ ಬೆಳೆದ ಮಗುವಿಗೆ ಗುಂಪು, ಹೊಸ ಮುಖಗಳು, ಎಲ್ಲರ ಕೈಯಿಂದಲೂ ತಿಂಡಿ ಎಂಬುದು ಹಳೆಯ ಬದುಕೇ ಮುಂದುವರಿದಂತೆ. ಅದಕ್ಕೆ ಬೇಕಾದ ಹೊಸದೆಂದರೆ ತನ್ನವರು ಎನ್ನಬಹುದಾದ ಇಬ್ಬರು ಮೂವರು. ಊಟ ಬಡಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು, ಗಾಯಕ್ಕೆ ಮದ್ದು ಹಚ್ಚುವುದು ಇವೆಲ್ಲ ಕೆಲವು ತಿಂಗಳು ಅವ್ವ ಅಪ್ಪನ ಕೈಯಲ್ಲೇ ಇರಲಿ. ಅಜ್ಜಿ, ಅತ್ತೆ, ಚಿಕ್ಕಮ್ಮ ಬಂದರೆ ಅಡುಗೆ, ಬಟ್ಟೆ, ಹೊರಗಿನ ಓಡಾಟ ನೋಡಿಕೊಂಡು ತಂದೆತಾಯಿಯ ಕೈ ಬಿಡುವು ಮಾಡಲಿ. ದಿನ ಒಂದೇ ಕ್ರಮದಲ್ಲಿ ನಡೆಯಲಿ. ಮಾತು ಅರ್ಥವಾಗದ ಮಗುವಿಗೆ ಎದ್ದೇಳುವುದು, ಹಲ್ಲುಜ್ಜುವುದು, ತಿಂಡಿ, ಆಟ, ನಿದ್ದೆಯ ಚಿತ್ರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದರೆ ಮುಂದೇನು ಎಂಬ ಆತಂಕ ಇಳಿಯುತ್ತದೆ. ತಿನ್ನುವ ವಸ್ತು ಕೈಗೆಟಕುವ ಡಬ್ಬಿಯಲ್ಲಿ ಸದಾ ಇದ್ದರೆ ಬಚ್ಚಿಡುವುದು ಬೈಗುಳವಿಲ್ಲದೆ ನಿಲ್ಲುತ್ತದೆ. ಹೆಸರು ಬದಲಿಸುವ ಆಸೆಯನ್ನು ಹತ್ತಿಕ್ಕುವುದು ಒಳ್ಳೆಯದು. ಎಂಟು ವರ್ಷ ಜೊತೆಗಿದ್ದ ಹೆಸರು ಆ ಮಗು ತನ್ನದೆಂದು ತಂದ ಕೆಲವೇ ಸೊತ್ತುಗಳಲ್ಲಿ ಒಂದು. ಸಂಸ್ಥೆಯಲ್ಲಿದ್ದ ಗೆಳೆಯರ, ಆಯಾರ ನೆನಪನ್ನೂ ಅಳಿಸಬೇಕಿಲ್ಲ. ಒಂದು ಫೋಟೊ, ಆಗೊಮ್ಮೆ ಈಗೊಮ್ಮೆ ಒಂದು ಫೋನ್ ಕರೆ ಹೊಸ ಮನೆಯ ಮೇಲಿನ ಪ್ರೀತಿಯನ್ನು ಕಡಿಮೆ ಮಾಡುವುದಿಲ್ಲ.

ಅಂಗವೈಕಲ್ಯ ಇಲ್ಲಿ ಇನ್ನೊಂದು ಪದರವನ್ನು ಸೇರಿಸುತ್ತದೆ. ಮಗುವನ್ನು ಕಂಡ ಕೂಡಲೇ ಸರಿಪಡಿಸಿಬಿಡಬೇಕು ಎಂಬ ಆತುರ ಒಳ್ಳೆಯ ಮನಸ್ಸಿನ ತಂದೆತಾಯಿಗಳನ್ನೇ ಮೊದಲು ಹಿಡಿಯುತ್ತದೆ. ದೊಡ್ಡ ಆಸ್ಪತ್ರೆಗಳ ದಾರಿಯೂ ಕೈಗೆಟಕುವಂತಿದೆ: ಸೇಲಂ ರಾಷ್ಟ್ರೀಯ ಹೆದ್ದಾರಿ 44ರ ಮೇಲಿದೆ, ಧರ್ಮಪುರಿಯೂ ಅದೇ ದಾರಿಯಲ್ಲಿದೆ. ಉತ್ತರಕ್ಕೆ ಹೊರಟರೆ ಬೆಂಗಳೂರಿನ ನಿಮ್ಹಾನ್ಸ್. ಪೂರ್ವಕ್ಕೆ ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿ ಬಹುವಿಧ ಅಂಗವೈಕಲ್ಯಕ್ಕಾಗಿಯೇ ಇರುವ ರಾಷ್ಟ್ರೀಯ ಸಂಸ್ಥೆ. ಮಾತು, ಶ್ರವಣದ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಇವೆಲ್ಲವೂ ಒಳ್ಳೆಯ ಜಾಗಗಳು. ಆದರೆ ನಿನ್ನೆ ಮೊನ್ನೆ ಬಂದ ಮಗುವನ್ನು ವಾರವಾರ ಬಸ್ಸಿನಲ್ಲಿ ಹೊತ್ತು ಅಪರಿಚಿತರ ಕೈಗೆ ಒಪ್ಪಿಸುತ್ತ ಹೋದರೆ, ತನ್ನನ್ನು ಮತ್ತೆ ಬಿಟ್ಟುಹೋಗುತ್ತಾರೆ ಎಂದೇ ಅದು ತಿಳಿಯುತ್ತದೆ. ತುರ್ತು ಯಾವುದು, ಕಾಯಬಹುದಾದದ್ದು ಯಾವುದು ಎಂದು ವಿಂಗಡಿಸಬೇಕು. ಮೂರ್ಛೆರೋಗದ ಮಾತ್ರೆ ಒಂದು ದಿನವೂ ತಪ್ಪಬಾರದು. ರಕ್ತಹೀನತೆ, ಹಲ್ಲು, ಕಣ್ಣು, ಕಿವಿಯ ತಪಾಸಣೆ ಮೊದಲ ತಿಂಗಳುಗಳಲ್ಲೇ ಆಗಬೇಕು. ಬುದ್ಧಿಮಾಂದ್ಯ ಎಂದು ಹಾಳೆಯಲ್ಲಿ ಬರೆದಿರುವ ಮಗುವಿಗೆ ನಿಜಕ್ಕೂ ಇರುವುದು ಕಿವಿಯ ತೊಂದರೆ ಇರಬಹುದು. ಮೂಲೆಯಲ್ಲಿ ಕೂತೇ ಬೆಳೆದದ್ದರಿಂದ ಹಿಂದುಳಿದಿರುವುದೂ ಉಂಟು. ಬುದ್ಧಿಮಟ್ಟದ ಪರೀಕ್ಷೆ, ತಡೆಯಬಹುದಾದ ಶಸ್ತ್ರಚಿಕಿತ್ಸೆ ಇವು ಮಗು ಒಂದಿಷ್ಟು ನೆಲೆಗೊಂಡ ಮೇಲೆ ಆದರೆ ಫಲಿತಾಂಶವೂ ನಂಬುವಂತಿರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗೆ ಇರುವುದು. ಜಿಲ್ಲಾ ಮಟ್ಟದ ಆಸ್ಪತ್ರೆಯಿಂದಲೇ ಆರಂಭಿಸುವುದು ಮಗುವಿಗೂ ಮನೆಗೂ ಹಗುರ.

ಈ ಭಾಗದ ಕನ್ನಡ ಮನೆಗಳಿಗೆ ಇನ್ನೂ ಒಂದು ಸಂಗತಿ ಸೇರಿಕೊಳ್ಳುತ್ತದೆ. ಅದು ಭಾಷೆ. ಸೇಲಂ, ಧರ್ಮಪುರಿಯ ದೇವಾಂಗ ನೇಕಾರರ ಮನೆಗಳಲ್ಲಿ, ಗಡಿಯ ಕಡೆಯ ಬೇಸಾಯದ ಮನೆಗಳಲ್ಲಿ ಒಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ಸಂಸ್ಥೆಯಲ್ಲಿ ಬೆಳೆದ ಮಗುವಿನ ಭಾಷೆ ತಮಿಳಾಗಿರಬಹುದು. ಕಾರಾದ ಪಟ್ಟಿ ಇಡೀ ದೇಶಕ್ಕೆ ಒಂದೇ ಆದ್ದರಿಂದ ಮರಾಠಿಯೋ ಒಡಿಯಾವೋ ಆಗಿದ್ದರೂ ಆಶ್ಚರ್ಯವಿಲ್ಲ. ದತ್ತು ಹೋದ ಮಕ್ಕಳ ಮೊದಲ ಭಾಷೆ ಬೇಗ ಮಾಸುತ್ತದೆ. ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋಗಿ ಬೆಳೆದವರನ್ನು 2003ರಲ್ಲಿ ಪರೀಕ್ಷಿಸಿದಾಗ ಅವರಿಗೆ ಕೊರಿಯನ್ ಭಾಷೆಯ ಗುರುತೇ ಸಿಗಲಿಲ್ಲ. 2014ರಲ್ಲಿ ಕೆನಡಾದಲ್ಲಿ ಚೀನೀ ಮೂಲದ ದತ್ತು ಮಕ್ಕಳ ಮಿದುಳನ್ನು ಪರೀಕ್ಷಿಸಿದ ಇನ್ನೊಂದು ಅಧ್ಯಯನ, ಮರೆತ ಭಾಷೆಯ ಧ್ವನಿಗಳಿಗೆ ಮಿದುಳು ಇನ್ನೂ ಓಗೊಡುತ್ತದೆ ಎಂದು ತೋರಿಸಿತು. ಅಂದರೆ ಹಳೆಯ ಭಾಷೆ ಹೋಗುವುದು ಬೇಗ, ಹೊಸದು ಬರುವುದಕ್ಕೆ ಸಮಯ ಬೇಕು, ನಡುವೆ ಮಗುವಿಗೆ ಯಾವ ಮಾತೂ ಇಲ್ಲದ ತಿಂಗಳುಗಳಿರುತ್ತವೆ. ಅಂಗವೈಕಲ್ಯವಿರುವ ಮಗುವಿಗೆ ಈ ಅವಧಿ ಇನ್ನೂ ಉದ್ದ. ಆದ್ದರಿಂದ ಮನೆಯವರು ಮೊದಲು ಮಗುವಿನ ಭಾಷೆಯಲ್ಲಿ ಹಸಿವು, ನೋವು, ನೀರು, ಬೇಡ, ಸಾಕು, ಭಯ ಎಂಬ ಮಾತುಗಳನ್ನು ಕಲಿಯಬೇಕು. ಕನ್ನಡವನ್ನು ನಿಧಾನವಾಗಿ, ಚಿತ್ರ ಮತ್ತು ಸನ್ನೆಯೊಂದಿಗೆ ತರಬೇಕು. ಶಾಲೆಯ ತಮಿಳನ್ನು ಆಮೇಲೆ ನೋಡಿದರಾಯಿತು. ಕಿವಿ ಕೇಳದ ದೊಡ್ಡ ಮಗುವಿಗಂತೂ ಸನ್ನೆ ಭಾಷೆಯೇ ಮನೆಮಾತಾಗಬೇಕು. ಕಾಕ್ಲಿಯರ್ ಇಂಪ್ಲಾಂಟ್ ಹೆಚ್ಚು ಫಲ ಕೊಡುವುದು ಮೊದಲ ಕೆಲವು ವರ್ಷಗಳಲ್ಲಿ. ಆ ವಯಸ್ಸು ದಾಟಿದ ಮಗುವಿನ ಬಾಯಿಂದ ಮಾತು ಬರಲಿ ಎಂದು ವರ್ಷಗಟ್ಟಲೆ ಕಾಯುತ್ತ ಕೂತರೆ ಅದನ್ನು ಒಂಟಿಯಾಗಿ ಕೂರಿಸಿದಂತೆ.

ಇಷ್ಟೆಲ್ಲ ಮಾಡುವವರ ದಣಿವಿನ ಮಾತನ್ನು ಯಾರೂ ಆಡುವುದಿಲ್ಲ. ಹೆರಿಗೆಯ ಬಳಿಕ ಬರುವಂಥ ಖಿನ್ನತೆ ದತ್ತು ತಾಯಂದಿರಲ್ಲೂ ಕಾಣಿಸುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆಲ್ಲ ತಿಳಿದದ್ದು. ಮಗುವಿನ ಮೇಲೆ ಇನ್ನೂ ಪ್ರೀತಿ ಹುಟ್ಟಲಿಲ್ಲವಲ್ಲ ಎಂಬ ಅಪರಾಧಿ ಭಾವವನ್ನು ತಾಯಿ ಒಳಗೇ ಹೊರುತ್ತಾಳೆ. ಹೆತ್ತ ತಾಯಿಗೆ ಸಿಗುವ ಬಾಣಂತನದ ಆರೈಕೆ ಅವಳಿಗಿಲ್ಲ. ಕಾನೂನೂ ಇಲ್ಲಿ ಕೈಹಿಡಿಯಲಿಲ್ಲ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ದತ್ತು ತಾಯಿಗೆ 12 ವಾರಗಳ ರಜೆ ಕೊಟ್ಟದ್ದು ಮಗು ಮೂರು ತಿಂಗಳೊಳಗಿನದಾಗಿದ್ದರೆ ಮಾತ್ರ. ತೊರೆದ ಕೂಸನ್ನು ದತ್ತಿಗೆ ಮುಕ್ತ ಎಂದು ಘೋಷಿಸುವ ಪ್ರಕ್ರಿಯೆಗೇ ಕಾನೂನು ಎರಡು ತಿಂಗಳು ಕೊಡುತ್ತದೆ, ಎರಡು ವರ್ಷ ದಾಟಿದ ಮಗುವಿಗೆ ನಾಲ್ಕು ತಿಂಗಳು. ಹೀಗಿರುವಾಗ ಆ ರಜೆ ಎಷ್ಟು ತಾಯಂದಿರಿಗೆ ಒದಗೀತು? ದೊಡ್ಡ ಮಗುವಿನ ತಾಯಿ ಆ ಲೆಕ್ಕದಲ್ಲೇ ಇರಲಿಲ್ಲ. ಈ ಮಿತಿಯನ್ನು ಪ್ರಶ್ನಿಸಿ ದತ್ತು ತಾಯಿಯೊಬ್ಬರು 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಸೇಲಂನ ಬೆಳ್ಳಿ ಕಾಲ್ಗೆಜ್ಜೆಯ ಮನೆಗೆಲಸ, ಮಗ್ಗ, ಸಾಬಕ್ಕಿ ಕಾರ್ಖಾನೆ, ಧರ್ಮಪುರಿಯಿಂದ ಬೆಂಗಳೂರಿಗೆ ಹೋಗಿ ಮಾಡುವ ಕಟ್ಟಡದ ಕೆಲಸ ಇವುಗಳಲ್ಲಿ ಯಾವ ರಜೆಯೂ ಇಲ್ಲ. ಅಂಥ ಮನೆಗಳಲ್ಲಿ ಗಂಡ ಹೆಂಡತಿ ಪಾಳಿ ಹಾಕಿಕೊಂಡು ಒಬ್ಬರಾದರೂ ಮಗುವಿನ ಬಳಿ ಇರುವ ಏರ್ಪಾಡನ್ನು ಮಗು ಬರುವ ಮೊದಲೇ ಮಾಡಿಕೊಳ್ಳಬೇಕು.

ಈಗ ಆಕ್ಷೇಪಗಳಿಗೆ ಬರೋಣ. ವಯಸ್ಸು ಮೀರಿದ ಮೇಲೆ ಮಗು ಹತ್ತುವುದಿಲ್ಲ, ಬಾಂಧವ್ಯ ಬೆಳೆಯುವುದಿಲ್ಲ ಎಂಬುದು ಮೊದಲನೆಯದು. ಇದರಲ್ಲಿ ಅರ್ಧ ಸತ್ಯವಿದೆ. ರುಮೇನಿಯಾದ ಅನಾಥಾಲಯಗಳ ಮಕ್ಕಳ ಮೇಲೆ 2000ದ ಸುಮಾರಿಗೆ ಆರಂಭವಾದ ಬುಖಾರೆಸ್ಟ್ ಅಧ್ಯಯನ 136 ಮಕ್ಕಳನ್ನು ಗಮನಿಸಿತು. ಮನೆಗೆ ಹೋದ ಮಕ್ಕಳು ಸಂಸ್ಥೆಯಲ್ಲೇ ಉಳಿದವರಿಗಿಂತ ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಮುಂದೆ ಬಂದರು, ಬೇಗ ಹೋದವರಿಗೆ ಲಾಭ ಹೆಚ್ಚು. ಬ್ರಿಟನ್‌ಗೆ ದತ್ತು ಹೋದ 165 ರುಮೇನಿಯನ್ ಮಕ್ಕಳನ್ನು ಮೈಕೆಲ್ ರಟ್ಟರ್ ಮತ್ತು ಸಂಗಡಿಗರು ಯೌವನದವರೆಗೂ ಹಿಂಬಾಲಿಸಿದರು. ಆರು ತಿಂಗಳಿಗಿಂತ ಹೆಚ್ಚು ಕಾಲ ಸಂಸ್ಥೆಯಲ್ಲಿದ್ದವರಲ್ಲಿ ಗಮನದ ತೊಂದರೆ, ಬೆರೆಯುವ ತೊಂದರೆ ದೊಡ್ಡವರಾದ ಮೇಲೂ ಉಳಿದವು. ಆದರೆ ಹಿಂದುಳಿದಿದ್ದ ಬುದ್ಧಿಯ ಬೆಳವಣಿಗೆ ಯೌವನದ ಹೊತ್ತಿಗೆ ಸರಿಸಮಕ್ಕೆ ಬಂತು. ಅಷ್ಟು ಬವಣೆ ಉಂಡವರಲ್ಲೂ ಐವರಲ್ಲಿ ಒಬ್ಬರಿಗೆ ಯಾವ ವಯಸ್ಸಿನಲ್ಲೂ ಅಂಥ ತೊಂದರೆ ಕಾಣಲಿಲ್ಲ. ನೆದರ್ಲೆಂಡ್ಸ್‌ನ ವಾನ್ ಐಜೆಂಡೋರ್ನ್ ಮತ್ತು ಯುಫರ್ 2006ರಲ್ಲಿ 270ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ದತ್ತು ಹೋಗದೆ ಉಳಿದ ಮಕ್ಕಳಿಗೆ ಹೋಲಿಸಿದರೆ ದತ್ತು ಮಕ್ಕಳ ಚೇತರಿಕೆ ಬಹಳ ದೊಡ್ಡದು ಎಂದೇ ಕಂಡಿತು. ಬೇಗ ಸಿಕ್ಕ ಮನೆ ಉತ್ತಮ. ತಡವಾಗಿ ಸಿಕ್ಕ ಮನೆಯೂ ಮನೆಯಿಲ್ಲದಿರುವುದಕ್ಕಿಂತ ಎಷ್ಟೋ ಮೇಲು, ಮತ್ತು ಅದಕ್ಕೆ ವರ್ಷಗಟ್ಟಲೆ ನೆರವು ಬೇಕು ಎಂಬುದು ಈ ಅಧ್ಯಯನಗಳಿಂದ ನಾವು ಕಲಿಯಬೇಕಾದದ್ದು.

ಅಂಗವೈಕಲ್ಯವಿರುವ ಮಗುವನ್ನು ತಂದರೆ ಮನೆಯ ನೆಮ್ಮದಿಯೇ ಹೋಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಅಮೆರಿಕದ ಮನೋವಿಜ್ಞಾನಿ ಲರೇನ್ ಗ್ಲಿಡನ್ ಇಂಥ ಮಕ್ಕಳನ್ನು ದತ್ತು ಪಡೆದ ಕುಟುಂಬಗಳನ್ನೂ ಇಂಥ ಮಕ್ಕಳನ್ನು ಹೆತ್ತ ಕುಟುಂಬಗಳನ್ನೂ ಬಹುಕಾಲ ಜೊತೆಯಾಗಿ ಅಧ್ಯಯನ ಮಾಡಿದರು. ಮಗುವಿನ ಸ್ಥಿತಿ ತಿಳಿದ ಹೊತ್ತಿನಲ್ಲಿ ಹೆತ್ತ ತಾಯಂದಿರು ತೀವ್ರ ಖಿನ್ನತೆಗೆ ಒಳಗಾಗಿದ್ದರು. ದತ್ತು ತಾಯಂದಿರಲ್ಲಿ ಅದು ಮೊದಲಿಂದಲೂ ಕಡಿಮೆ ಇತ್ತು. ವರ್ಷಗಳು ಕಳೆದ ಮೇಲೆ ಎರಡೂ ಬಗೆಯ ಕುಟುಂಬಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಚೆನ್ನಾಗಿ ಬದುಕುತ್ತಿದ್ದವು. ವ್ಯತ್ಯಾಸಕ್ಕೆ ಕಾರಣ ಸ್ಪಷ್ಟ. ತಿಳಿದು ಆರಿಸಿಕೊಂಡವರಿಗೆ ಆಘಾತವಿಲ್ಲ. ನಮ್ಮಲ್ಲಿ ಮಗು ಮರಳಿಹೋಗುವ ಪ್ರಕರಣಗಳನ್ನು ಈ ಬೆಳಕಿನಲ್ಲಿ ನೋಡಿದರೆ, ಮಗುವಿನ ನಿಜವಾದ ಸ್ಥಿತಿಯನ್ನು ಮೊದಲೇ ಪೂರ್ತಿ ತಿಳಿಸದಿರುವುದು, ದಂಪತಿಗಳನ್ನು ಒಂದೆರಡು ಭೇಟಿಯಲ್ಲೇ ಸಿದ್ಧರಾದರು ಎಂದುಕೊಳ್ಳುವುದು ಎಷ್ಟು ಅಪಾಯ ಎಂಬುದು ಗೊತ್ತಾಗುತ್ತದೆ. ವೈದ್ಯಕೀಯ ದಾಖಲೆಯ ಪ್ರತಿ ಹಾಳೆಯನ್ನೂ ಕೇಳಿ ಪಡೆಯುವುದು, ಮಗುವನ್ನು ದಿನವೂ ನೋಡಿಕೊಂಡ ಆಯಾಳ ಜೊತೆ ಮಾತಾಡುವುದು, ಆಗಲಾರದು ಅನಿಸಿದರೆ ಆಗಲೇ ಹೇಳುವುದು ಮಗುವಿಗೆ ಮಾಡುವ ಉಪಕಾರ. ಐದು ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕೆಂದು ದತ್ತು ನಿಯಮಗಳು ಹೇಳುತ್ತವೆ.

ಮನೆಯಲ್ಲಿ ಆಗಲೇ ಇರುವ ಮಕ್ಕಳಿಗೆ ಅನ್ಯಾಯವಾಗುವುದಿಲ್ಲವೇ, ಬಡ ಜಿಲ್ಲೆಯ ಸಾಧಾರಣ ಮನೆಗೆ ಇದು ನಿಭಾಯಿಸುವ ಮಾತೇ, ನಾವು ಹೋದ ಮೇಲೆ ಈ ಮಗುವಿಗೆ ಯಾರು ಎಂಬ ಪ್ರಶ್ನೆಗಳು ಇನ್ನೂ ಗಂಭೀರ. ಇರುವ ಮಕ್ಕಳ ಸಮಯ ಹಂಚಿಹೋಗುವುದು ನಿಜ. ಅವರಿಗೆ ಮೊದಲೇ ವಿಷಯ ತಿಳಿಸಬೇಕು. ತಂದೆಯೋ ತಾಯಿಯೋ ದಿನದಲ್ಲಿ ಸ್ವಲ್ಪ ಹೊತ್ತು ಅವರಿಗೇ ಮೀಸಲಿಡಬೇಕು. ತಮ್ಮನ ಆರೈಕೆಯ ಹೊಣೆಯನ್ನು ಅಕ್ಕನ ಹೆಗಲಿಗೆ ಹಾಕಬಾರದು. ಹಣದ ಮಾತಿಗೆ ಬಂದರೆ, ತಮಿಳುನಾಡು ಸರ್ಕಾರ ತೀವ್ರ ಅಂಗವೈಕಲ್ಯ, ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಕೊಡುವ ಮಾಸಿಕ ನೆರವನ್ನು 2023ರಲ್ಲಿ 2,000 ರೂಪಾಯಿಗೆ ಏರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮನೆಯವರದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಅಡಿಯಲ್ಲಿ ಹದಿನೆಂಟರ ನಂತರವೂ ಪಾಲಕರನ್ನು ನೇಮಿಸಬಹುದು. ಅದರ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗಿನ ವೆಚ್ಚ ಭರಿಸುತ್ತದೆ. ಇವೆಲ್ಲ ಸಾಲುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ನಾವು ಹೋದ ಮೇಲೆ ಯಾರು ಎಂಬ ಪ್ರಶ್ನೆ ಸಂಸ್ಥೆಯಲ್ಲಿ ಬೆಳೆವ ಮಗುವಿಗೆ ಇವತ್ತೇ ಎದುರಾಗಿದೆ. ಮನೆ ಸಿಕ್ಕ ಮಗುವಿಗೆ ಅಣ್ಣ ಅಕ್ಕಂದಿರು, ನೆರೆಹೊರೆ, ಊರು ಎಂಬ ಬಳಗ ಸಿಗುತ್ತದೆ.

ಹಾಗಾದರೆ ಸಂಸ್ಥೆಯಲ್ಲೇ ಇರಲಿ, ಅಲ್ಲಿ ದಾದಿಯರು, ಥೆರಪಿ, ವಿಶೇಷ ಶಿಕ್ಷಕರು ಇದ್ದಾರಲ್ಲ ಎಂಬ ಮಾತೂ ಬರುತ್ತದೆ. ಸಂಸ್ಥೆಗಳಲ್ಲಿ ಶ್ರದ್ಧೆಯಿಂದ ದುಡಿಯುವವರಿದ್ದಾರೆ, ಅವರ ಸೇವೆ ದೊಡ್ಡದು. ಆದರೂ ಪಾಳಿ ಮುಗಿದು ಮನೆಗೆ ಹೋಗುವವರು ಎಷ್ಟು ಒಳ್ಳೆಯವರಾದರೂ ತಂದೆತಾಯಿಯಾಗಲಾರರು. ಬುಖಾರೆಸ್ಟ್‌ನ ಮಕ್ಕಳಲ್ಲಿ ಕಂಡ ಅಂತರಕ್ಕೆ ಮೂಲವೂ ಇದೇ. ಪೂರ್ತಿ ದತ್ತಿಗೆ ಧೈರ್ಯ ಸಾಲದವರಿಗೆ ಪೋಷಕ ಆರೈಕೆಯ ದಾರಿ ಇದೆ. 2024ರ ಮಾದರಿ ಮಾರ್ಗಸೂಚಿಗಳ ಪ್ರಕಾರ ಆರು ವರ್ಷ ದಾಟಿದ ಮಗುವನ್ನು ಹೀಗೆ ಎರಡು ವರ್ಷ ಸಾಕಿದ ಕುಟುಂಬ ಆಮೇಲೆ ದತ್ತು ಪಡೆಯಲು ಕೇಳಬಹುದು, ಮೊದಲು ಈ ಅವಧಿ ಐದು ವರ್ಷವಿತ್ತು. ಇನ್ನೊಂದು ಮಾತು ಪುಣ್ಯದ್ದು. ಪಾಪ, ಪುಣ್ಯದ ಕೆಲಸ ಮಾಡಿದಿರಿ ಎಂದು ಮಗುವಿನ ಎದುರೇ ಹೊಗಳುವವರು ಅದರ ತಲೆಯ ಮೇಲೆ ತೀರಿಸಲಾಗದ ಋಣ ಹೊರಿಸುತ್ತಾರೆ. ಕರ್ಮದ ಫಲ ಎನ್ನುವವರು ಅದಕ್ಕಿಂತ ಕ್ರೂರವಾದದ್ದನ್ನು ಮಾಡುತ್ತಾರೆ. ಮನೆಯ ಮಗು ಮನೆಗೆ ಋಣಿಯಾಗಿರಬೇಕಿಲ್ಲ.

ಸರ್ಕಾರ ಇಲ್ಲಿ ಮಾಡಬಹುದಾದದ್ದು ಬಹಳವಿದೆ, ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ದತ್ತಿನ ಆದೇಶಕ್ಕೆ ಸಹಿ ಹಾಕುವವರು ನ್ಯಾಯಾಲಯದ ಬದಲು ಜಿಲ್ಲಾ ಕಲೆಕ್ಟರ್. ರಾಷ್ಟ್ರೀಯ ನ್ಯಾಸದ ಸ್ಥಳೀಯ ಸಮಿತಿಗೆ ಮುಖ್ಯಸ್ಥರೂ ಅವರೇ. ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ, ಅಂಗವಿಕಲರ ಕಲ್ಯಾಣ ಕಚೇರಿ, ಸರ್ಕಾರಿ ಆಸ್ಪತ್ರೆ, ಶಿಕ್ಷಣ ಇಲಾಖೆ ಎಲ್ಲವೂ ಅವರ ಮಾತಿಗೆ ಬಗ್ಗುವವು. ಹಾಗಿದ್ದೂ ಇಂದು ದತ್ತು ಕುಟುಂಬ ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಒಂದು ಕಡೆ, ಮಾಸಿಕ ನೆರವಿಗೆ ಇನ್ನೊಂದು ಕಡೆ, ಶಾಲೆಗೆ ಮತ್ತೊಂದು ಕಡೆ ಅಲೆಯುತ್ತದೆ. ಮಗುವನ್ನು ಮನೆಗೆ ಕಳಿಸುವ ದಿನವೇ ಈ ಕಾಗದಗಳೆಲ್ಲ ಒಂದೇ ಕಡತದಲ್ಲಿ ಕೈಗೆ ಬರುವಂತೆ ಒಬ್ಬ ಕಲೆಕ್ಟರ್ ಆದೇಶ ಮಾಡಿದರೆ ಸಾಕು. ನಿಯಮದ ಪ್ರಕಾರ ಸಮಾಜ ಕಾರ್ಯಕರ್ತರು ಆರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಮನೆಗೆ ಬಂದು ವರದಿ ಬರೆಯಬೇಕು. ದೊಡ್ಡ ಮಗುವಿಗೆ, ಅಂಗವೈಕಲ್ಯವಿರುವ ಮಗುವಿಗೆ ಆರು ತಿಂಗಳು ಬಹಳ ದೀರ್ಘ. ಕಷ್ಟವೆಲ್ಲ ಉಕ್ಕುವುದು ಮೊದಲ ಭೇಟಿಗೂ ಮುನ್ನವೇ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ತರಬೇತಿ ಪಡೆದವರೊಬ್ಬರು ಮನೆಗೆ ಹೋಗಬೇಕು. ಅವರು ಹೋಗಬೇಕಾದದ್ದು ತಪ್ಪು ಹುಡುಕಲು ಅಲ್ಲ, ಕೈ ಜೋಡಿಸಲು. ಜಿಲ್ಲೆಯಲ್ಲಿ ಇಂಥ ದತ್ತು ಮಾಡಿದ ಕುಟುಂಬಗಳು ಬೆರಳೆಣಿಕೆಯಷ್ಟಿದ್ದರೂ ತಿಂಗಳಿಗೊಮ್ಮೆ ಸೇರುವಂತಾದರೆ, ಹಾಸಿಗೆ ಒದ್ದೆ ಮಾಡುವುದು ತಮ್ಮ ಮನೆಯಲ್ಲಷ್ಟೇ ಅಲ್ಲ ಎಂದು ತಿಳಿದು ಎಷ್ಟೋ ತಾಯಂದಿರ ಎದೆ ಹಗುರಾದೀತು.

ದತ್ತಿನ ಅರ್ಜಿ ಹಾಕಲು ಹೊರಟಿರುವ ಓದುಗರಲ್ಲಿ ನನ್ನ ಮನವಿ ಇಷ್ಟೇ. ವಯಸ್ಸಿನ ಕಾಲಂ ತುಂಬುವ ಮುನ್ನ ಒಮ್ಮೆ ನಿಂತು ಯೋಚಿಸಿ. ದಂಪತಿಯ ಒಟ್ಟು ವಯಸ್ಸು 85 ದಾಟಿದರೆ ಎರಡು ವರ್ಷದೊಳಗಿನ ಕೂಸು ಸಿಗುವುದಿಲ್ಲ. ಆದರೆ ಎಂಟು ದಾಟಿದ ಮಗುವಿಗೆ ಈ ಮಿತಿ 110ರವರೆಗಿದೆ. ಎರಡು ಮಕ್ಕಳಿರುವ ಮನೆಗೂ ವಿಶೇಷ ಅಗತ್ಯದ ಮಗುವನ್ನು ತರಲು ಅವಕಾಶವಿದೆ. ನಿಮ್ಮಿಂದ ಆಗುವುದಿಲ್ಲ ಅನಿಸಿದರೆ ಅದರಲ್ಲಿ ನಾಚಿಕೆಯಿಲ್ಲ. ಆಗುತ್ತದೆ ಅನಿಸಿದರೆ, ಒಂದು ವರ್ಷವನ್ನು ಆ ಮಗುವಿಗಾಗಿ ಬಿಡುವು ಮಾಡಿಕೊಂಡು, ಕಷ್ಟ ಬಂದೇ ಬರುತ್ತದೆಂದು ತಿಳಿದೇ ಮುಂದುವರಿಯಿರಿ. ಪಕ್ಕದ ಮನೆಗೆ ಅಂಥ ಮಗು ಬಂದರೆ ಉಳಿದವರಿಗೂ ಒಂದು ಕೆಲಸವಿದೆ. ಮಗುವನ್ನು ನೋಡಲು ಗುಂಪು ಕಟ್ಟಿ ಹೋಗುವುದು ಬೇಡ, ಆ ಮನೆಗೆ ಒಂದು ಹೊತ್ತಿನ ಸಾರು ಅನ್ನ ಕಳಿಸಿಕೊಡಿ. ಮಗುವಿಗೆ ಏನಾಗಿದೆ ಎಂದು ಕೇಳುವ ಬದಲು ಅದರ ಹೆಸರು ಕೇಳಿ. ಹಿಂದೆ ಕೂಸುಗಳ ಜೀವ ಉಳಿಸಲು ಮುಂದಾದ ಈ ಎರಡು ಜಿಲ್ಲೆಗಳು, ದೊಡ್ಡ ಮಕ್ಕಳಿಗೆ ಮನೆ ಒದಗಿಸುವುದರಲ್ಲೂ ನಾಡಿಗೆ ದಾರಿ ತೋರಿಸಬಲ್ಲವು.